ಎಡಗೈ ಚಾಚು

ಜೂನ್ 3, ಸೋಮವಾರ. ಬೆಳಗ್ಗೆ 11

ಪತ್ರಿಕೆ ಬಂತು. ಮೊದಲ ಪುಟದಲ್ಲಿ ಆರು ತಪ್ಪು, ಕ್ರೀಡಾಪುಟದಲ್ಲಿ ಹನ್ನೊಂದು. ಕೆಂಪು ಶಾಯಿಯಲ್ಲಿ ತಿದ್ದಿ, ಮಡಿಸಿ, ಹಳೆಯ ಪತ್ರಿಕೆಗಳ ಕಟ್ಟಿಗೆ ಸೇರಿಸಿದೆ. ಯಾರೂ ಓದುವುದಿಲ್ಲ. ಆದರೂ ತಪ್ಪನ್ನು ಕಂಡು ಸುಮ್ಮನೆ ದಾಟುವುದು ನನ್ನಿಂದಾಗದು. ನಿವೃತ್ತಳಾದದ್ದು ಶಾಲೆಯಿಂದ, ಕಣ್ಣಿನಿಂದಲ್ಲ.

ರಕ್ತದೊತ್ತಡದ ಮಾತ್ರೆ — ಆಯಿತು. ಮೆಟ್ಟಿಲು ಇಳಿದು ಹತ್ತಿದ್ದು — ನಾಲ್ಕು ಸಲ.

ಕೆಳಮನೆಯ ಗಾಜಿನವನು ನಡೆಯುವ ದಾರಿಯುದ್ದಕ್ಕೂ ಮತ್ತೆ ಗಾಜಿನ ಹಾಳೆಗಳನ್ನು ಒರಗಿಸಿಟ್ಟಿದ್ದಾನೆ. ಕಿಟಕಿಗಳಿಗೆ ಗಾಜು ಕೂರಿಸುವುದು ಅವನ ಕಸುಬು. ಅಂಗಡಿ ಹಿಂದಿನ ಬೀದಿಯಲ್ಲಿದ್ದರೂ ಅರ್ಧ ಸರಕು ಇಲ್ಲಿ. ಇಲ್ಲಿ ಬಾಡಿಗೆಗೆ ಬಂದು ಎರಡು ವರ್ಷ. ಅವನ ಬೆರಳುಗಳಲ್ಲಿ ಪಟ್ಟಿಯಿಲ್ಲದ ದಿನವನ್ನು ನಾನು ನೋಡಿಲ್ಲ. ತೆಗೆಯಲು ಹೇಳಿದೆ. ಆಯ್ತು ಟೀಚರ್ ಎಂದ. ತೆಗೆಯಲಿಲ್ಲ.

ಅವನ ಹೆಂಡತಿಯ ಎಡಗಣ್ಣಿನ ಕೆಳಗೆ ಕಪ್ಪು. ಕೇಳಿದೆ. ಕಪಾಟಿನ ಬಾಗಿಲು ತಗುಲಿತಂತೆ. ಕಳೆದ ತಿಂಗಳು ಸ್ನಾನದ ಮನೆಯ ನಲ್ಲಿ ತಗುಲಿತ್ತು. ಆ ಮನೆಯ ಸಾಮಾನುಗಳಿಗೆಲ್ಲ ಅವಳ ಮುಖವೇ ಬೇಕು.

ತಂಗಿಗೆ ಫೋನಿನಲ್ಲಿ ಹೇಳಿದರೆ, ಊರ ಉಸಾಬರಿ ನಿನಗೇಕೆ ಅಕ್ಕ, ಎಪ್ಪತ್ತೊಂದಾಯಿತು, ಬಾಗಿಲು ಹಾಕಿಕೊಂಡು ತೆಪ್ಪಗಿರು ಎಂದಳು. 'ತೆಪ್ಪಗಿರು' ಎಂಬ ಮಾತನ್ನು ನಾನು ಬೇರೆಯವರಿಗೆ ಹೇಳಿ ಅಭ್ಯಾಸ, ಕೇಳಿ ಅಭ್ಯಾಸವಿಲ್ಲ.

ಜೂನ್ 5, ಬುಧವಾರ. ಬೆಳಗ್ಗೆ 10

ಎಡ ಅಂಗೈಗೆ ಒಂಬತ್ತು ಹೊಲಿಗೆ. ಬಲಗೈ ನೆಟ್ಟಗಿದೆ, ಬರೆಯಬಲ್ಲೆ. ಆದರೆ ತಲೆ ಭಾರ. ವಾಕ್ಯಗಳು ಗಿಡ್ಡವಾದರೆ ಆಗಲಿ. ಐವತ್ತು ವರ್ಷದ ದಿನಚರಿಯಲ್ಲಿ ಒಂದು ವಾಕ್ಯವನ್ನೂ ಅರ್ಧಕ್ಕೆ ಬಿಟ್ಟವಳಲ್ಲ, ಈಗಲೂ ಬಿಡುವುದಿಲ್ಲ.

ನಿನ್ನೆ ಸಂಜೆ ಐದೂಕಾಲು. ಕೆಳಗೆ ಮೊದಲು ಅವನ ಗಂಟಲು, ಆಮೇಲೆ ಗಾಜು, ಆಮೇಲೆ ಅವಳ ಗಂಟಲು. ಪೊಲೀಸರಿಗೂ ಇದೇ ಕ್ರಮದಲ್ಲಿ ಹೇಳಿದೆ. ಛತ್ರಿ ಹಿಡಿದು ಇಳಿದೆ. ಬಾಗಿಲು ತೆರೆದೇ ಇತ್ತು. ಅವಳ ಜಡೆಯನ್ನು ಮುಷ್ಟಿಗೆ ಸುತ್ತಿಕೊಂಡು, ಒಡೆದ ಹಾಳೆಯ ಅಂಚಿನ ಕಡೆಗೆ ಅವಳ ಮುಖವನ್ನು ಒತ್ತುತ್ತಿದ್ದ. ಸಿಟ್ಟಿನಿಂದಲ್ಲ. ಅಳತೆ ನೋಡಿ ಗಾಜು ಕೂರಿಸುವವನ ತಾಳ್ಮೆಯಿಂದ. ಅದೇ ನನ್ನನ್ನು ಹೆದರಿಸಿದ್ದು.

ಛತ್ರಿಯಿಂದ ಅವನ ಕಿವಿಯ ಮೇಲೆ ಬಾರಿಸಿದೆ. ಎರಡು ಸಲ. ಛತ್ರಿ ಮುರಿಯಿತು. ಅವಳ ಕೆನ್ನೆಗೂ ಗಾಜಿಗೂ ನಡುವೆ ಕೈ ಹಾಕಿದೆ, ಅಂಗೈ ಸೀಳಿತು. ಅವನ ಅಂಗೈಯೂ ಆಗಲೇ ಸೀಳಿ ರಕ್ತ ಸುರಿಯುತ್ತಿತ್ತು. ಆ ಕೈಯಿಂದಲೇ ನನ್ನ ಗಾಯದ ಕೈಯನ್ನು ಹಿಡಿದು ತಿರುಚಿದ. ಗಾಯಕ್ಕೆ ಗಾಯ ಕೂಡಿಸಿ ಹಿಂಡಿದ. ಬೆರಳಿನ ಮೂಳೆ ಲಟಕ್ಕೆಂದಿತು. ಅದು ಅವನ ಬೆರಳೆಂದು ಆಸ್ಪತ್ರೆಯಲ್ಲಿ ತಿಳಿಯಿತು.

ಪಕ್ಕದ ದರ್ಜಿ, ಎದುರಿನ ಬೇಕರಿಯವನು ಬಂದು ಬಿಡಿಸಿದರು. ಪೊಲೀಸರು ಅವನನ್ನು ಕರೆದೊಯ್ದರು. ನೆಲದ ಮೇಲೆ ಮೂವರ ರಕ್ತ. ಯಾವುದು ಯಾರದೆಂದು ಹೇಳುವಂತಿರಲಿಲ್ಲ.

ಜೂನ್ 6, ಗುರುವಾರ. ಮಧ್ಯಾಹ್ನ 3

ಡಾಕ್ಟರಮ್ಮನಿಗೆ ಮೂವತ್ತೂ ಆಗಿರಲಾರದು. ಸ್ಪಷ್ಟವಾಗಿ ಮಾತಾಡುತ್ತಾಳೆ, ಸಂತೋಷ. ಬೇರೆಯವನ ರಕ್ತ ನಮ್ಮ ಗಾಯದೊಳಗೆ ಇಳಿದರೆ ಮುಖ್ಯವಾಗಿ ಮೂರಕ್ಕೆ ಹೆದರಬೇಕಂತೆ. ಹೆಪಟೈಟಿಸ್ ಬಿ, ಹೆಪಟೈಟಿಸ್ ಸಿ, ಎಚ್‌ಐವಿ. ಮೊದಲನೆಯದಕ್ಕೆ ಲಸಿಕೆಯೂ ಇದೆ, ಸಿದ್ಧ ಪ್ರತಿಕಾಯಗಳ ಚುಚ್ಚುಮದ್ದೂ ಇದೆ. ಎರಡನ್ನೂ ಮಂಗಳವಾರವೇ ಹಾಕಿದರು. ಎರಡನೆಯದಕ್ಕೆ ತಡೆ ಏನೂ ಇಲ್ಲ. ಕಾದು ನೋಡಬೇಕು, ಬಂದರೆ ಔಷಧವಿದೆ. ಮೂರನೆಯದಕ್ಕೆ ಇಪ್ಪತ್ತೆಂಟು ಗುಳಿಗೆ, ದಿನಕ್ಕೊಂದು. ಮೊದಲ ಗುಳಿಗೆ ಮಂಗಳವಾರ ರಾತ್ರಿಯೇ ನುಂಗಿದ್ದೇನೆ.

ಇಷ್ಟನ್ನು ನನಗೆ ಹೇಳಿಕೊಡಬೇಕಾಗಿರಲಿಲ್ಲ. ಮೂವತ್ತನಾಲ್ಕು ವರ್ಷ ವಿಜ್ಞಾನ ಕಲಿಸಿದವಳು. ಚರ್ಮ ಮೊದಲ ಗೋಡೆ. ಗೋಡೆ ಒಡೆದರೆ ಬಿಳಿಯ ಕಣಗಳು ಬಂದು ಹೊಕ್ಕವನನ್ನು ಇಡಿಯಾಗಿ ನುಂಗುತ್ತವೆ. ನುಂಗಿ ತಾವೂ ಸಾಯುತ್ತವೆ. ಕೀವು ಎಂದರೆ ಆ ಹೆಣಗಳ ರಾಶಿ. ಬದುಕಿ ಉಳಿದ ಕೆಲವು ಕಣಗಳು ಹಗೆಯ ಚಹರೆಯನ್ನು ನೆನಪಿಟ್ಟುಕೊಳ್ಳುತ್ತವೆ. ಹತ್ತು, ಇಪ್ಪತ್ತು, ನಲವತ್ತು ವರ್ಷ. ಅವನು ಮತ್ತೆ ಬಂದರೆ ಮೊದಲ ಸಲಕ್ಕಿಂತ ಬೇಗ, ಮೊದಲ ಸಲಕ್ಕಿಂತ ಜೋರಾಗಿ ಹೊಡೆಯುತ್ತವೆ. ಇದನ್ನು ಹೇಳುವಾಗ ಇಡೀ ತರಗತಿ ಬಾಯಿ ತೆರೆದು ಕೂರುತ್ತಿತ್ತು.

ದಪ್ಪನೆಯ ನರ್ಸು 'ಅಜ್ಜಿ, ಕೈ ಕೊಡಿ' ಎಂದಳು. ನಾನು ಯಾರ ಅಜ್ಜಿಯೂ ಅಲ್ಲ ಎಂದೆ. 'ಸರಿ ಹೆಡ್‌ಮೇಡಂ, ಕೈ ಕೊಡಿ. ಕೊಡ್ದಿದ್ರೆ ಬೆಂಚ್ ಮೇಲೆ ನಿಲ್ಲಿಸ್ತೀನಿ.' ನಕ್ಕೆ. ಮಂಗಳವಾರದಿಂದ ಮೊದಲ ನಗು. ಹೊರಡುವಾಗ ಒಂದು ಜೊತೆ ರಬ್ಬರ್ ಕೈಗವಸು ಕೊಟ್ಟಳು. ಇನ್ನೊಮ್ಮೆ ಯುದ್ಧಕ್ಕೆ ಹೋಗುವಾಗ ಹಾಕಿಕೊಂಡು ಹೋಗಬೇಕಂತೆ.

ಜೂನ್ 9, ಭಾನುವಾರ

ಗುಳಿಗೆ ಹೊಟ್ಟೆಯನ್ನು ಬುಡಮೇಲು ಮಾಡುತ್ತಿದೆ. ನಾಲ್ಕು ದಿನದಿಂದ ವಾಂತಿ. ಅನ್ನದ ವಾಸನೆ ಆಗದು.

ಗಾಜಿನವನ ಹೆಂಡತಿ ನನ್ನ ಮನೆಯಲ್ಲಿದ್ದಾಳೆ. ಮುಂದಿನ ಕೋಣೆಯಲ್ಲಿ ಚಾಪೆ. ಕೆನ್ನೆಗೆ ಮೂರು ಹೊಲಿಗೆ. ಅವಳಿಗೂ ದಿನಕ್ಕೊಂದು ಗುಳಿಗೆ. ಅವಳ ರಕ್ತದಲ್ಲಿ ಸದ್ಯಕ್ಕೆ ಏನೂ ಕಂಡಿಲ್ಲ. ಅಷ್ಟರಿಂದಲೇ ಏನನ್ನೂ ಹೇಳಲಾಗದು, ಹೊಸದಾಗಿ ಹೊಕ್ಕಿದ್ದರೆ ತಿಂಗಳುಗಟ್ಟಲೆ ಅಡಗಿರಬಲ್ಲವು ಎಂದಳಂತೆ ಡಾಕ್ಟರಮ್ಮ. ಅವನ ರಕ್ತವನ್ನೇ ನೋಡಬೇಕು. ಶುದ್ಧವಾಗಿದ್ದರೆ ಇಬ್ಬರೂ ಗುಳಿಗೆ ನಿಲ್ಲಿಸಬಹುದು.

ಅವನು ಕೊಡುವುದಿಲ್ಲ. ಠಾಣೆಯಿಂದ ಬೆರಳಿಗೆ ಪಟ್ಟಿ ಹಾಕಿಸಲು ಕರೆತಂದಾಗ ಕೇಳಿದ್ದಾರೆ; ತೋಳನ್ನು ಬೆನ್ನ ಹಿಂದೆ ಕಟ್ಟಿಕೊಂಡು ನಿಂತನಂತೆ. ಒಪ್ಪಿಗೆಯಿಲ್ಲದೆ ಸೂಜಿ ಚುಚ್ಚುವಂತಿಲ್ಲ. ನಿಯಮ ನಿಯಮವೇ. ಇದನ್ನು ಬರೆಯಲು ಹಲ್ಲು ಕಚ್ಚಬೇಕಾಯಿತು.

ಜೂನ್ 14, ಶುಕ್ರವಾರ. ಸಂಜೆ

ಹನ್ನೊಂದನೆಯ ಗುಳಿಗೆ. ನನ್ನ ಮೂತ್ರಪಿಂಡಗಳು ಮೊದಲೇ ಅರ್ಧ ಕೆಲಸದವು. ಕ್ರಿಯಾಟಿನಿನ್ ಎಂಬುದು ರಕ್ತದಲ್ಲಿ ಏರಬಾರದು, ಏರಿದೆ. ಬೇರೆ ಗುಳಿಗೆ ಇದೆಯಂತೆ, ಅದು ರಕ್ತದ ಕೆಂಪು ಕಣಗಳನ್ನೇ ಕಡಿಮೆ ಮಾಡುತ್ತದಂತೆ. ನನಗೆ ರಕ್ತಹೀನತೆ ಬೇರೆ. ಡಾಕ್ಟರಮ್ಮ ಪೆನ್ನಿನ ತುದಿ ಕಚ್ಚುತ್ತಾ, 'ನೋಡಿ ಅಮ್ಮ, ಅವ್ರು ಐದು ನಿಮಿಷ ತೋಳು ಕೊಟ್ರೆ ಮುಗೀತು' ಎಂದಳು. ಕೊಡದಿದ್ದರೆ? ಬರಬಹುದಾದ ರೋಗಕ್ಕೆ ಹೆದರಿ ಇರುವ ಮೂತ್ರಪಿಂಡ ಕೊಡಬೇಕು. ಇಲ್ಲವೇ ಮೂತ್ರಪಿಂಡಕ್ಕೆ ಹೆದರಿ ರೋಗಕ್ಕೆ ಬಾಗಿಲು ತೆರೆಯಬೇಕು.

ಅವನಿಗೆ ನಿನ್ನೆ ಜಾಮೀನು. ನಮ್ಮ ಕಟ್ಟಡಕ್ಕೆ ಕಾಲಿಡಬಾರದೆಂಬ ಷರತ್ತು. ಅಂಗಡಿಯಲ್ಲೇ ಮಲಗುತ್ತಾನಂತೆ.

ನಾಳೆ ಹೋಗುತ್ತೇನೆ. ಅವಳಿಗೆ ಹೇಳುವುದಿಲ್ಲ.

ಜೂನ್ 15, ಶನಿವಾರ. ಮಧ್ಯಾಹ್ನ 1

ಹೋದೆ. ಬಂದೆ.

ಉದ್ದನೆಯ ಮೇಜು, ಅದರ ಮೇಲೆ ಕಂಬಳಿ, ಕಂಬಳಿಯ ಮೇಲೆ ಒಂದಾಳುದ್ದದ ಗಾಜು. ಉಕ್ಕಿನ ಸ್ಕೇಲಿಟ್ಟು ಕಟರ್ ಎಳೆಯುತ್ತಿದ್ದ. ಕಿರ್ರೆನ್ನುವ ಗೆರೆ, ಅಂಚಿನಲ್ಲಿ ಒಂದು ತಟ್ಟು, ಗಾಜು ಅಲ್ಲಿಗೇ ಮುರಿಯಿತು. ತಲೆ ಎತ್ತಲಿಲ್ಲ. ಬಂದ ವಿಷಯ ಹೇಳಿದೆ. ನಿನ್ನ ಹೆಂಡತಿಗೂ ಒಳ್ಳೆಯದು ಎಂದೆ. ದಯವಿಟ್ಟು ಎಂದೂ ಹೇಳಿದೆ. ಆ ಪದ ನನ್ನ ಬಾಯಿಂದ ಸುಲಭವಾಗಿ ಬರುವುದಲ್ಲ.

'ನಾನ್ಯಾರು ಅಂತ ಗೊತ್ತಾಗ್ಲೇ ಇಲ್ಲ, ಅಲ್ವಾ ಟೀಚರ್? ಎರಡು ವರ್ಷ ನಿಮ್ಮ ಕೆಳಗೇ ಇದ್ದೆ.'

ಎಂಟನೆಯ ಬಿ ಎಂದ. ಕೊನೆಯ ಬೆಂಚು. ರಕ್ತದ ಪಾಠದ ದಿನ. ಹಿಂದಿನ ಸಂಜೆ ಅವನಪ್ಪ ಅವನ ಮೂಗಿಗೆ ಗುದ್ದಿದ್ದನಂತೆ. ಮಡಿಲಲ್ಲಿ ತೆರೆದಿದ್ದ ಪುಸ್ತಕದ ಮೇಲೆ ರಕ್ತ ಸುರಿಯಿತಂತೆ. ಬೇರೆ ಪುಸ್ತಕವಿರಲಿಲ್ಲ. ಅದನ್ನೇ ತಂದನಂತೆ. ನಾನು ಇಡೀ ತರಗತಿಗೆ ಅದನ್ನು ಎತ್ತಿ ತೋರಿಸಿದೆನಂತೆ.

ನನಗೆ ನೆನಪಿಲ್ಲ. ಹಾಗೆಂದೇ ಹೇಳಿದೆ.

'ನಿಮ್ಗ್ಯಾಕೆ ನೆನಪಿರತ್ತೆ. ಏಟು ತಿಂದಿದ್ದು ನಾನು.' ಸ್ಕೇಲನ್ನು ಕಂಬಳಿಯ ಮೇಲೆ ಒರೆಸಿದ. 'ಹತ್ತು. ನೀವು ಹತ್ತು ತಗೊಳ್ಳಿ, ನಾನು ರಕ್ತ ಕೊಡ್ತೀನಿ. ಎಷ್ಟು ಬೇಕೋ ಅಷ್ಟು ಕೊಡ್ತೀನಿ. ಎಡಗೈ ಚಾಚಿ ಟೀಚರ್. ಬಲಗೈ ಬರೆಯೋಕೆ ಬೇಕು.'

ಕೊನೆಯ ವಾಕ್ಯ ನನ್ನದು. ತರಗತಿಯಲ್ಲಿ ನಾನು ಹೇಳುತ್ತಿದ್ದದ್ದು, ಅಕ್ಷರಶಃ.

ಎಡಗೈಯಲ್ಲಿ ಒಂಬತ್ತು ಹೊಲಿಗೆ. ತಿರುಗಿ ಬಂದೆ. ನನ್ನನ್ನು ಹೊಡೆಯಲು ಇವನ್ಯಾರು?

ಜೂನ್ 16, ಭಾನುವಾರ. ಮಧ್ಯಾಹ್ನ

ಅಟ್ಟದಿಂದ ಟ್ರಂಕು ಇಳಿಸಿದಳು ಅವಳು. ಏನು ಹುಡುಕುತ್ತಿದ್ದೀರಿ ಎಂದು ಕೇಳಲಿಲ್ಲ. ಕೇಳದೆ ಬದುಕುವುದನ್ನು ಚೆನ್ನಾಗಿ ಕಲಿತಿದ್ದಾಳೆ.

ಮೂವತ್ತು ವರ್ಷದ ಹಿಂದಿನ ದಿನಚರಿ. ಅಕ್ಷರಗಳು ಎಷ್ಟು ದುಂಡಗೆ. ಒಂದು ಚಿತ್ತೂ ಇಲ್ಲ. ಇದ್ದಂತೆಯೇ ನಕಲು ಮಾಡುತ್ತೇನೆ:

'ಎಂಟನೆಯ ಬಿ ತರಗತಿಗೆ ರಕ್ತ ಮತ್ತು ರೋಗನಿರೋಧದ ಪಾಠವನ್ನು ಮುಗಿಸಿದೆ. ಉತ್ತಮ ತರಗತಿ. ಕೊನೆಯ ಸಾಲಿನ ಒಬ್ಬನ ಪುಸ್ತಕ ಅತ್ಯಂತ ಹೊಲಸು; ಪುಟದ ತುಂಬ ಮೂಗಿನ ರಕ್ತ. ಹತ್ತು ಏಟು ಕೊಟ್ಟೆ. ಆರರಲ್ಲಿ ಎಣಿಕೆ ತಪ್ಪಿದ್ದರಿಂದ ಮೊದಲಿನಿಂದ ಎಣಿಸಿದ. ಸಂಜೆ ಕಿಟಕಿಯ ಪರದೆಗೆ ಬಟ್ಟೆ ಕೊಂಡೆ. ಹಸಿರು.'

ಅಷ್ಟೇ. ವಾಕ್ಯಗಳಲ್ಲಿ ಒಂದು ದೋಷವಿಲ್ಲ. ರಕ್ತ ಎಲ್ಲಿಂದ ಬಂತೆಂದು ಕೇಳಿದ ವಾಕ್ಯವೂ ಇಲ್ಲ.

ಅಂದು ಹೇಳಿಕೊಟ್ಟ ಪಾಠ — ಒಳಹೊಕ್ಕ ಹಗೆಯ ಚಹರೆಯನ್ನು ದೇಹ ಹೇಗೆ ನೆನಪಿಡುತ್ತದೆ ಎಂಬುದು. ಅವನು ಒಳ್ಳೆಯ ವಿದ್ಯಾರ್ಥಿಯೇ ಇದ್ದ.

ಜೂನ್ 20, ಗುರುವಾರ

ಹೊಲಿಗೆ ಬಿಚ್ಚಿ ಮೂರು ದಿನ. ಅಂಗೈಯ ಉದ್ದಕ್ಕೂ ನಸುಗೆಂಪು ಗೆರೆ, ಎಳೆಯ ಚರ್ಮ. ಕ್ರಿಯಾಟಿನಿನ್ ಮತ್ತೆ ಏರಿದೆ. ಪಾದಗಳು ಊದಿವೆ, ಚಪ್ಪಲಿ ಹಿಡಿಯುತ್ತಿಲ್ಲ. ಸೋಮವಾರದೊಳಗೆ ಒಂದು ನಿರ್ಧಾರ ಎಂದಳು ಡಾಕ್ಟರಮ್ಮ. ತಂಗಿ ಫೋನಿನಲ್ಲಿ ಅತ್ತಳು. ಅವಳ ಅಳುವನ್ನು ಅರ್ಧಕ್ಕೇ ಕತ್ತರಿಸಿದೆ.

ಬಾಗಿಲು ಮುಚ್ಚಿಕೊಂಡು ಮರದ ಅಳತೆಪಟ್ಟಿಯಿಂದ ಒಂದು ಏಟು ನಾನೇ ಹೊಡೆದುಕೊಂಡು ನೋಡಿದೆ. ಮೆಲ್ಲಗೆ. ಕಣ್ಣಲ್ಲಿ ನೀರು ಬಂತು. ಹದಿಮೂರು ವರ್ಷದವನ ಕೈ ಇದರ ಅರ್ಧ ಇರುತ್ತದೆ.

ಜೂನ್ 21, ಶುಕ್ರವಾರ. ಸಂಜೆ 6

ಬರೆಯಲೇಬೇಕು. ನಾಳೆಗೆ ಬಿಟ್ಟರೆ ಅಂದವಾಗಿ ಬರೆದುಬಿಡುತ್ತೇನೆ.

ಹತ್ತು ಗಂಟೆಗೆ ಅಂಗಡಿಗೆ ಹೋದೆ. ಹಳೆಯ ದಿನಚರಿಯನ್ನು ಮೇಜಿನ ಮೇಲೆ ತೆರೆದಿಟ್ಟೆ. ಓದಿದ. ತುಟಿ ಆಡಿಸುತ್ತಾ ಓದುತ್ತಾನೆ, ಈಗಲೂ.

'ನಿನ್ನ ಲೆಕ್ಕ ತಪ್ಪು,' ಎಂದೆ. 'ಹತ್ತಲ್ಲ, ಹದಿನಾರು. ಆರರಲ್ಲಿ ನೀನು ಎಣಿಕೆ ತಪ್ಪಿದೆ, ಮತ್ತೆ ಒಂದರಿಂದ ಎಣಿಸಿದೆ.'

ದಿನಚರಿಯನ್ನು ಮುಚ್ಚಿ ನನ್ನ ಕಡೆ ತಳ್ಳಿದ. ಆಮೇಲೆ ಎದ್ದು ಅಂಗಡಿಯ ಷಟರ್ ಅರ್ಧ ಇಳಿಸಿದ.

ಎಡಗೈ ಚಾಚಿದೆ. ಸ್ಕೇಲಿನ ಅಗಲದಿಂದಲ್ಲ, ಅಂಚಿನಿಂದ ಹೊಡೆದ. ಒಂದು. ಎರಡು. ಜೋರಾಗಿ ಎಣಿಸಬೇಕೆಂಬುದು ನನ್ನದೇ ನಿಯಮ, ಎಣಿಸಿದೆ. ಮೂರಕ್ಕೆ ಬಲಗೈಯಿಂದ ಮೇಜು ಹಿಡಿದೆ. ಐದಕ್ಕೆ ಎಳೆಯ ಚರ್ಮ ಬಿರಿಯಿತು. ಆರಕ್ಕೆ ರಕ್ತ ಅವನ ಗಾಜಿನ ಮೇಲೆ ಸಿಡಿಯಿತು. ಸಣ್ಣ ಹನಿಗಳು, ಅಚ್ಚುಕಟ್ಟಾಗಿ, ಸಾಲಾಗಿ. ನಿಲ್ಲಿಸುತ್ತಾನೆಂದುಕೊಂಡೆ. ಅವನು ನನ್ನ ಬಾಯಿಯನ್ನೇ ನೋಡುತ್ತಿದ್ದ. 'ಒಂದು' ಎಂದೆ, ಮೊದಲಿನಿಂದ. ಹೊಡೆದ. ಕೈ ನಿಧಾನಿಸಲಿಲ್ಲ. ಏಳು, ಎಂಟು. ಸಂಖ್ಯೆಗಳು ಬಾಯಿಂದ ಬರುತ್ತಿದ್ದದ್ದು ಗೊತ್ತಿತ್ತು. ದನಿ ನನ್ನದೆಂದು ಗೊತ್ತಾಗುತ್ತಿರಲಿಲ್ಲ. ಹತ್ತು.

ಕೂಗಲಿಲ್ಲ. ಹೆಮ್ಮೆಯಿಂದ ಬರೆಯುತ್ತಿದ್ದೇನೆಯೇ? ಹೌದು. ಆ ದಿನ ಅವನೂ ಕೂಗಿರಲಿಲ್ಲವಂತೆ.

ಆಮೇಲೆ ಅವನು ಮಾಡಿದ್ದು: ಗಾಜು ಎತ್ತುವ ದಪ್ಪ ಚರ್ಮದ ಕೈಗವಸುಗಳನ್ನು ತೊಟ್ಟುಕೊಂಡ. ತನ್ನ ರಕ್ತ ನನಗೆ ಮತ್ತೆ ತಾಗುವುದು ಬೇಡ ಎಂದ. ಆ ಒರಟು ಬೆರಳುಗಳಲ್ಲಿ ನನ್ನ ಕೈಗೆ ಬಟ್ಟೆ ಸುತ್ತಿದ. ಸುತ್ತುವಾಗ ಎರಡು ಸಲ ಬಿಚ್ಚಿಹೋಯಿತು. ಎರಡು ಸಲವೂ ಮತ್ತೆ ಸುತ್ತಿದ. ಆಸ್ಪತ್ರೆಗೆ ನನ್ನ ಜೊತೆಯೇ ನಡೆದು ಬಂದ. ತೋಳು ಕೊಟ್ಟ. ಸೂಜಿ ಹೊಕ್ಕಾಗ ಮುಖ ಆಚೆ ತಿರುಗಿಸಿದ. ಅಂಥವನಿಗೆ ಸೂಜಿಯ ಭಯ.

ನನ್ನ ಕೈಗೆ ಏನಾಯಿತೆಂದು ನರ್ಸು ಕೇಳಿದಳು. ಕಪಾಟಿನ ಬಾಗಿಲು ತಗುಲಿತು ಎಂದೆ.

ಜೂನ್ 22, ಶನಿವಾರ. ಮಧ್ಯಾಹ್ನ 3

ಮೂರೂ ಇಲ್ಲ. ಬಿ ಇಲ್ಲ, ಸಿ ಇಲ್ಲ, ಎಚ್‌ಐವಿ ಇಲ್ಲ. ಅವನ ರಕ್ತ ಶುದ್ಧ. ಗುಳಿಗೆ ನಿಲ್ಲಿಸಿ ಎಂದಳು ಡಾಕ್ಟರಮ್ಮ; ಫೋನಿನಲ್ಲೇ ನಗು ಕೇಳಿಸಿತು. ಮೂತ್ರಪಿಂಡ ಚೇತರಿಸಿಕೊಳ್ಳುತ್ತದಂತೆ.

ಡಬ್ಬಿಯಲ್ಲಿ ಹತ್ತು ಗುಳಿಗೆ ಉಳಿದಿವೆ.

ಅವಳು ಚಾಪೆಯ ಮೇಲೆ ಕೂತು, ಮೊಣಕಾಲಲ್ಲಿ ಮುಖವಿಟ್ಟು ಅತ್ತಳು. ನಾನೂ ಸ್ವಲ್ಪ. ಮಧ್ಯಾಹ್ನ ಇಬ್ಬರೂ ಹೊಟ್ಟೆ ತುಂಬ ಉಂಡೆವು.

ಜೂನ್ 24, ಸೋಮವಾರ

ಕೈಗೆ ಏನಾಯಿತೆಂದು ಅವಳು ಕೊನೆಗೂ ಕೇಳಿದಳು. ಎಲ್ಲವನ್ನೂ ಹೇಳಿದೆ. ಪುಸ್ತಕ, ರಕ್ತ, ಹದಿನಾರು. ಅವನ ಕೈಗೆ ಹೊಡೆತದ ಪಾಠ ಕಲಿಸಿದವರಲ್ಲಿ ನಾನೂ ಒಬ್ಬಳು ಎಂದೆ. ತಪ್ಪನ್ನು ಒಪ್ಪಿಕೊಳ್ಳುವುದು ನನಗೆ ಹೊಸದು. ಒಪ್ಪಿಕೊಳ್ಳುವಾಗ ಸ್ವಲ್ಪ ಜಾಸ್ತಿಯೇ ಒಪ್ಪಿಕೊಂಡೆ. ಎದೆ ಹಗುರಾಯಿತು.

ಅವಳು ಕೆನ್ನೆಯ ಗಾಯವನ್ನು ಮುಟ್ಟಿಕೊಳ್ಳುತ್ತಾ ಕೇಳಿದಳು. ಕೇಳಿ, 'ಪಾಪ' ಎಂದಳು. ನನಗಲ್ಲ.

ಜೂನ್ 29, ಶನಿವಾರ

ಠಾಣೆಗೆ ಹೋಗಿ ಸಹಿ ಹಾಕಿ ಬಂದಿದ್ದಾಳೆ. ಅವನು ಮನೆಗೆ ಬರಲು ತನ್ನ ಅಡ್ಡಿಯಿಲ್ಲವೆಂದು. ನನಗೆ ಹೇಳದೆ.

ಬೈದೆ. ಆ ಅಂಚಿಗೆ ಹಿಡಿದದ್ದು ನಿನ್ನ ಮುಖವನ್ನಲ್ಲವೇ, ಮರೆತೆಯಾ ಎಂದೆ. ಶಾಲೆಯ ದನಿ ಬಂದುಬಿಟ್ಟಿತು. ಅವಳು ತಲೆ ತಗ್ಗಿಸಿ ಸೀರೆ ಮಡಿಸುತ್ತಲೇ ಇದ್ದಳು.

'ರಿಪೋರ್ಟಲ್ಲಿ ಏನೂ ಇಲ್ವಲ್ಲ ಟೀಚರ್. ಅವ್ರ ರಕ್ತ ಚೆನ್ನಾಗೇ ಇದೆಯಂತಲ್ಲ. ಇನ್ನು ಸಿಟ್ಟು... ಅದು ಅವ್ರದ್ದಲ್ಲ ಅಂತ ನೀವೇ ಅಂದ್ರಲ್ಲ.'

ನಾನು ಹಾಗೆ ಹೇಳಿಲ್ಲ. ಹಾಗೆ ಹೇಳಿಲ್ಲವೆಂದು ಹೇಳಿದೆ. ಆದರೆ ಅವನನ್ನು ಕ್ಷಮಿಸಲು ಅವಳಿಗೆ ಬೇಕಿದ್ದ ಚೀಟಿಯನ್ನು ಬರೆದುಕೊಟ್ಟವಳು ನಾನೇ. ನನ್ನ ತಪ್ಪನ್ನು ನಾನು ಹೊತ್ತುಕೊಂಡೆನೆಂದು ಬೀಗುತ್ತಿದ್ದೆ. ಅವನ ತಪ್ಪನ್ನೂ ಹೊತ್ತುಕೊಂಡುಬಿಟ್ಟಿದ್ದೇನೆ. ಮೂವತ್ತು ಜನರ ತರಗತಿಯಲ್ಲಿ ಎಷ್ಟು ಜನಕ್ಕೆ ಹೊಡೆದೆ? ಎಲ್ಲರೂ ಹೆಂಡತಿಯ ಮುಖವನ್ನು ಗಾಜಿಗೆ ಒತ್ತುತ್ತಾರೆಯೇ?

ಇದನ್ನು ಅವಳಿಗೆ ಹೇಳಲು ಬಾಗಿಲಿಗೆ ಹೋದೆ. ಕೆಳಗಿಳಿದು ಹೋಗಿದ್ದಳು. ಚಾಪೆ ನೀಟಾಗಿ ಸುತ್ತಿಟ್ಟಿದ್ದಾಳೆ.

ಜುಲೈ 1, ಸೋಮವಾರ

ಅವನು ಬಂದಿದ್ದಾನೆ. ಜಾಮೀನಿನ ಷರತ್ತು ಸಡಿಲವಾಯಿತಂತೆ. ದಾರಿಯಲ್ಲಿದ್ದ ಗಾಜನ್ನೆಲ್ಲ ತೆಗೆಸಿದ್ದಾನೆ. ಒಂದು ಹಾಳೆ ಮಾತ್ರ ಬಾಗಿಲ ಪಕ್ಕದಲ್ಲಿದೆ. ಮನೆಯ ಕಿಟಕಿಗೆ ಹೊಸ ಗಾಜು. ಮೆಟ್ಟಿಲಲ್ಲಿ ಎದುರಾದಾಗ 'ಕೈ ಹೇಗಿದೆ ಟೀಚರ್' ಎಂದ, ಮೆತ್ತಗೆ. ಆ ಮೆತ್ತನೆಯ ದನಿಗೆ ಒಂದು ಕ್ಷಣ ಸೋತೆ. ಆಮೇಲೆ ಷಟರ್ ಇಳಿಸಿದ ಸದ್ದು ನೆನಪಾಯಿತು. ಹದಿನಾರರಲ್ಲಿ ಒಂದಾದರೂ ಮೆತ್ತಗಿತ್ತೇ? ಕೊನೆಯದು ಮೊದಲನೆಯದಕ್ಕಿಂತ ಜೋರಾಗಿತ್ತು.

ಪ್ರಯೋಗಾಲಯದವರು ಮೂರನ್ನು ಹುಡುಕಿದರು. ಹುಡುಕಲು ಕೊಟ್ಟದ್ದು ಮೂರೇ.

ಜುಲೈ 4, ಗುರುವಾರ. ಸಂಜೆ 5

ಲಸಿಕೆಯ ಎರಡನೆಯ ಡೋಸು ಆಯಿತು. ಮೊದಲ ಸಲ ದೇಹ ಹಗೆಯ ಪರಿಚಯ ಮಾಡಿಕೊಳ್ಳುತ್ತದೆ, ಎರಡನೆಯ ಸಲ ಸಿದ್ಧವಾಗಿರುತ್ತದೆ ಎಂದಳು ಡಾಕ್ಟರಮ್ಮ. ನಾನು ಮೂವತ್ತನಾಲ್ಕು ವರ್ಷ ಹೇಳಿದ ಮಾತು. ತಿದ್ದಲು ಏನೂ ಇರಲಿಲ್ಲ. ಸೂಜಿಯ ಡಬ್ಬಿಯ ಮೇಲಿನ ಬರಹದಲ್ಲಿ ಮಾತ್ರ ಒಂದು ದೀರ್ಘ ಹೆಚ್ಚಾಗಿತ್ತು; ನರ್ಸು ನೋಡದಿದ್ದಾಗ ಪೆನ್ಸಿಲಿನಲ್ಲಿ ಹೊಡೆದುಹಾಕಿ ಬಂದೆ.

ಕೆಳಮನೆಯಲ್ಲಿ ಮಧ್ಯಾಹ್ನದಿಂದ ರೇಡಿಯೋ ಜೋರಾಗಿದೆ. ಕಾರಣ ಕೇಳಲು ಹೋಗಬೇಕೆಂದುಕೊಂಡು, ಹೋಗದೆ, ಇದನ್ನು ಬರೆಯಲು ಕೂತೆ.

ರೇಡಿಯೋ ನಿಂತಿತು.

ಅವನ ಗಂಟಲು.

ಗಾಜು.

ಠಾಣೆಗೆ ಫೋನ್ ಮಾಡಿದೆ, ಹೊರಟಿದ್ದಾರಂತೆ. ದರ್ಜಿಯನ್ನು ಕಿಟಕಿಯಿಂದ ಕೂಗಿದೆ. ಅವಳ ಗಂಟಲು ಇನ್ನೂ ಕೇಳಿಲ್ಲ. ಕ್ರಮದ ಪ್ರಕಾರ ಈಗ ಕೇಳಬೇಕು. ಏಕೆ ಕೇಳುತ್ತಿಲ್ಲ? ನರ್ಸು ಕೊಟ್ಟ ಕೈಗವಸುಗಳು ಮೇಜಿನ ಖಾನೆಯಲ್ಲಿವೆ. ಬಲಗೈಯದು ಸಿಕ್ಕಿತು. ಎಡಗೈಯ